ಕರೆಂಟ್ ಹೋದ ಮೇಲೂ ತಿರುಗಿದ ಗಾಲಿ

ಮಡಿವಾಳಯ್ಯನವರ ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ಕಾಲೇಜಿನವರು ಅವರಿಗೆ ಬರೆದ ಕಾಗದ ಒಂದೇ ಒಂದು. ಅದು ಮೆಮೋ. "ಭೌತಶಾಸ್ತ್ರ ಪ್ರಯೋಗಾಲಯದ ಕಬ್ಬಿಣದ ಗಾಲಿಯೊಂದನ್ನು ಅನುಮತಿ ಇಲ್ಲದೆ ಆವರಣದ ಹೊರಗೆ ಒಯ್ದಿರುತ್ತೀರಿ. ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು." ಗಾಲಿ ಒಯ್ದದ್ದು ಖರೆ. ಯಾಕೆ ಒಯ್ದರು ಎಂದು ಮಾತ್ರ ಆ ಕಾಗದಕ್ಕೆ ಸಹಿ ಹಾಕಿದ ಒಬ್ಬನೂ ಬಾಯಿಬಿಟ್ಟು ಕೇಳಲಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಮಡಿವಾಳಯ್ಯ ಶಹಾಬಾದದ ಒಂದು ಖಾಸಗಿ ಡಿಗ್ರಿ ಕಾಲೇಜಿನ ಲ್ಯಾಬ್ ಅಟೆಂಡರ್. ಕುಳ್ಳ ಆಳು, ಹಣೆ ತುಂಬ ವಿಭೂತಿ, ಉಗುರಿನ ಸಂದಿಯಲ್ಲಿ ಗ್ರೀಸು. ಜಂಗಮರೆಂದು ಓಣಿಯ ಮಂದಿ "ಅಯ್ನೋರೆ" ಎಂದು ಕರೆಯುತ್ತಾರೆ. ಅವರ ಅರ್ಧ ವಯಸ್ಸಿನ ಉಪನ್ಯಾಸಕರು "ಏ ಮಡಿವಾಳ" ಎನ್ನುತ್ತಾರೆ. ಓದಿದ್ದು ಹತ್ತನೇ ತರಗತಿ. ಆದರೆ ಇಪ್ಪತ್ತೇಳು ವರ್ಷ ಅದೇ ಪಾಠವನ್ನು, ಅದೇ ಲ್ಯಾಬಿನ ಬಾಗಿಲಿಗೆ ಒರಗಿ, ಹತ್ತಾರು ಉಪನ್ಯಾಸಕರ ಬಾಯಲ್ಲಿ ಕೇಳಿದ್ದಾರೆ. ಯಾರು ಯಾವ ಲೆಕ್ಕದಲ್ಲಿ ಎಲ್ಲಿ ತಪ್ಪುತ್ತಾರೆ ಎಂಬುದೂ ಗೊತ್ತು. ಹೇಳುವ ಹಕ್ಕು ಇರಲಿಲ್ಲ, ಅಷ್ಟೇ.

ಆ ಲ್ಯಾಬಿನಲ್ಲಿ ಅವರಿಗೆ ಪ್ರೀತಿಯ ಸಾಮಾನು ಒಂದಿತ್ತು. ಹನ್ನೊಂದು ಕಿಲೋ ತೂಕದ, ತಟ್ಟೆಯಂಥ ಗಟ್ಟಿ ಕಬ್ಬಿಣದ ಗಾಲಿ. ಹಿಂದೊಮ್ಮೆ ಎರಡು ವರ್ಷ ದುಡಿದು ಕೆಲಸ ಕಳೆದುಕೊಂಡು ಹೋದ ಅತಿಥಿ ಉಪನ್ಯಾಸಕರೊಬ್ಬರು ಅದನ್ನು ಒಂದು ಹಲಗೆಯ ಮೇಲೆ, ನಡುವೆ ಕಂಬಿ ನಿಲ್ಲಿಸಿ, ಕುಂಬಾರನ ತಿಗರಿಯ ಹಾಗೆ ಅಡ್ಡಲಾಗಿ ಕೂರಿಸಿದ್ದರು. ಅದರ ಮೇಲೆ ಬೀಳಿಸಲು ಅಷ್ಟೇ ಅಗಲದ, ನಡುವೆ ತೂತಿರುವ, ಗುಂಡನೆಯ ಕಲ್ಲೊಂದು ಬೇಕು ಅಂದಿದ್ದರು. ಮಡಿವಾಳಯ್ಯ ತಮ್ಮ ಓಣಿಯ ಕಲೀಮನಿಗೆ ಹೇಳಿದರು. ಕಲ್ಲಿನ ಕಾರ್ಖಾನೆಯಲ್ಲಿ ಆಗ ತಾನೇ ಕೆಲಸಕ್ಕೆ ಸೇರಿದ್ದ ಕಲೀಮ್ ಒಂದು ಫರಸಿಯನ್ನು, ಅಂದರೆ ನೆಲಕ್ಕೆ ಹಾಸುವ ಕಲ್ಲಿನ ಚಪ್ಪಡಿಯನ್ನು, ಚಂದಾಗಿ ದುಂಡಗೆ ಕೊರೆದು, ಪಾಲಿಶ್ ಮಾಡಿ, ಪುಕ್ಕಟೆ ತಂದುಕೊಟ್ಟ. ಐದೂವರೆ ಕಿಲೋ. ಆ ಕಲ್ಲು ಮುಂದೆ ಇಷ್ಟು ದೊಡ್ಡ ಕೆಲಸಕ್ಕೆ ಬರುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ, ಇವರಿಗೂ.

ಈಗ ಕಾರ್ಖಾನೆಯ ಮಾತು. ನಮ್ಮ ಕಡೆಯ ಫರಸಿ ದೇಶದ ಎಷ್ಟೋ ಊರುಗಳ ನೆಲಕ್ಕೆ ಹಾಸಿದೆ. ಅದರ ಮೇಲೆ ಬರಿಗಾಲಲ್ಲಿ ನಡೆದು ತಂಪಾಗಿದೆ ಅನ್ನುವವರಿಗೆ ಅದರ ಅಂಚು ಹೇಗೆ ನೆಟ್ಟಗಾಗುತ್ತದೆ ಎಂಬುದು ಗೊತ್ತಿಲ್ಲ. ಸಂಗಮೇಶ್ವರ ಸಾವ್ಕಾರರ ಕಾರ್ಖಾನೆಯ ಕಟಿಂಗ್ ಮಷೀನು ಹಳೆಯ ಆಯಿಲ್ ಇಂಜಿನ್ನಿನ ಗಾಲಿ ಜೋಡಿಸಿ ಮಾಡಿದ್ದು. ಒಂದೇ ಶಾಫ್ಟಿನ ಈ ತುದಿಗೆ ಬ್ಲೇಡು, ಆ ತುದಿಗೆ ಕ್ವಿಂಟಲ್ ತೂಕದ ಗಾಲಿ. ಬ್ರೇಕ್ ಇಲ್ಲ. ಗಾಲಿಗೆ ಕೈ ತಾಗದಂತೆ ಹಾಕುವ ಜಾಳಿಗೆ ಇಲ್ಲ. ಬಟನ್ ಬಂದ್ ಮಾಡಿದರೆ ತಾನಾಗಿ ನಿಲ್ಲಲು ನಾಲ್ಕು ನಿಮಿಷ ಬೇಕು.

ನಾಲ್ಕು ನಿಮಿಷ ಕಾಯುವಷ್ಟು ಪುರುಸೊತ್ತು ಸಾವ್ಕಾರರಿಗೆ ಇಲ್ಲ. ಅದಕ್ಕೊಂದು ಪದ್ಧತಿ ಹುಟ್ಟಿತು. ಸವೆದ ಬ್ಲೇಡನ್ನು ಕರೆಂಟ್ ಹೋದಾಗಲೇ ಬದಲಿಸಬೇಕು. ಕರೆಂಟ್ ಇರುವ ಹೊತ್ತನ್ನು ಬ್ಲೇಡು ಬದಲಿಸಿ ಹಾಳು ಮಾಡಬಾರದು. ಕರೆಂಟ್ ಯಾವಾಗ ಬರುತ್ತದೋ ಗೊತ್ತಿಲ್ಲ, ಆದ್ದರಿಂದ ಗಾಲಿ ತಾನಾಗಿ ನಿಲ್ಲುವ ತನಕ ಕಾಯಬಾರದು. ಮುರಿದ ಫರಸಿಯ ತುಂಡೊಂದನ್ನು ಎರಡೂ ಕೈಯಲ್ಲಿ ಹಿಡಿದು ತಿರುಗುವ ಗಾಲಿಯ ಅಂಚಿಗೆ ಒತ್ತಬೇಕು. ಕಿರ್ರನೆ ಕೂಗಿ, ಬಿಳಿ ಪುಡಿ ಹಾರಿ, ಅರ್ಧ ನಿಮಿಷದಲ್ಲಿ ಗಾಲಿ ನಿಲ್ಲುತ್ತದೆ. ಇದಕ್ಕೆ 'ಕಲ್ಲು ಕೊಡೋದು' ಅಂತಾರೆ. ಇದನ್ನು ಮಾಡದ ಕಾರ್ಖಾನೆ ಶಹಾಬಾದದಿಂದ ಚಿತ್ತಾಪುರದ ತನಕ ನಾನು ಕಂಡಿಲ್ಲ.

ಕಳೆದ ವರ್ಷ ಫೆಬ್ರವರಿಯ ಒಂದು ಬೆಳಿಗ್ಗೆ ಹನ್ನೊಂದಕ್ಕೆ ಕರೆಂಟ್ ಹೋಯಿತು. ಕಲೀಮ್ ಕಲ್ಲು ಕೊಟ್ಟ. ತುಂಡು ಗಾಲಿಗೂ ಕಬ್ಬಿಣದ ಚೌಕಟ್ಟಿಗೂ ನಡುವೆ ಕಚ್ಚಿಕೊಂಡಿತು. ಕಲ್ಲು ತಿರುಚಿ ಅವನ ಬಲಗೈಯನ್ನು ಒಳಗೆ ಎಳೆದುಕೊಂಡು, ಮುರಿದು, ಅರ್ಧ ಹೋಳು ಹಿಂದಿನ ಗೋಡೆಗೆ ಬಡಿಯಿತು. ಕಲಬುರಗಿ ಮುಟ್ಟುವ ಹೊತ್ತಿಗೆ ಕೈ ಉಳಿದಿರಲಿಲ್ಲ. ಮೊಣಕೈ ಕೆಳಗೆ ತೆಗೆದರು. ಅವನಿಗೆ ಇಪ್ಪತ್ತಾರು.

ಸಾವ್ಕಾರ ಆಸ್ಪತ್ರೆಗೆ ಬರಲಿಲ್ಲ. ಪೊಲೀಸ್ ಠಾಣೆಗೆ ಹೋದ. "ಹನ್ನೊಂದರಿಂದ ಹನ್ನೆರಡೂವರೆ ತನಕ ಕರೆಂಟ್ ಇರಲಿಲ್ಲ. ಮಷೀನು ಬಂದ್ ಇತ್ತು. ಬಂದ್ ಆದ ಮಷೀನಿನಿಂದ ಕೈ ಹೋಗಲು ಸಾಧ್ಯವಿಲ್ಲ. ಈತ ಹೊರಗೆ ಬೇರೆಯವರ ಟ್ರಾಲಿಗೆ ಕಲ್ಲು ಹೇರುವಾಗ ಕೈ ಜಜ್ಜಿಸಿಕೊಂಡು, ನಮ್ಮ ಕಾರ್ಖಾನೆಯ ಮೇಲೆ ಹಾಕಿ ಮೋಸ ಮಾಡುತ್ತಿದ್ದಾನೆ." ಕೈ ಕಳೆದುಕೊಂಡವನ ಮೇಲೆ ಮೋಸದ ದೂರು! ಕಾರ್ಮಿಕ ಇಲಾಖೆಯ ಅಧಿಕಾರಿ ವಿಚಾರಣೆ ಮಾಡಿ ಗಾಯ ಎಲ್ಲಿ ಆಯಿತೆಂದು ಬರೆಯುವ ತನಕ ಪೊಲೀಸರು ಕಾಯುತ್ತಿದ್ದರು. ಅಧಿಕಾರಿ ಸಾವ್ಕಾರನ ಮಾತು ಒಪ್ಪಿದರೆ ಕಲೀಮ್ ಒಂದು ಕೈಯಲ್ಲಿ ಜೈಲಿನ ಕಂಬಿ ಹಿಡಿಯಬೇಕಿತ್ತು.

ಇಲ್ಲಿ ನಮ್ಮ ಕಲ್ಲು ಕಾರ್ಮಿಕರ ಸಂಘದ ಹೆಡ್ಡತನವನ್ನೂ ಬರೆಯಬೇಕು. ನಲವತ್ತು ವರ್ಷ ಗೇಟಿನ ಮುಂದೆ ಕೂತು ಘೋಷಣೆ ಕೂಗಿದ ನಾವು, ಕರೆಂಟ್ ಇಲ್ಲದೆ ಕೈ ಹೋಗದು ಎಂಬ ಸಾವ್ಕಾರನ ಮಾತನ್ನು ಒಳಗೊಳಗೇ ನಂಬಿಬಿಟ್ಟೆವು. "ಕರೆಂಟ್ ಇತ್ತು, ದಾಖಲೆ ಸುಳ್ಳು" ಎಂದು ಕೂಗಿದೆವು. ಎರಡು ತಿಂಗಳು ವಿದ್ಯುತ್ ಕಚೇರಿಯ ಮುಂದೆ ಧರಣಿ ಕೂತೆವು. ಅವರು ಪುಸ್ತಕ ತೆಗೆದು ತೋರಿಸಿದರು. ಕರೆಂಟ್ ಹೋದದ್ದು ಹನ್ನೊಂದಕ್ಕೇ, ಬಂದದ್ದು ಹನ್ನೆರಡೂವರೆಗೇ. ನಮ್ಮ ಬಾಯಿಗೆ ನಾವೇ ಮಣ್ಣು ಹಾಕಿಕೊಂಡೆವು. ಸಾವ್ಕಾರ ನಕ್ಕ.

ಕಲೀಮನ ತಾಯಿ ಮಾಸುಮಬಿ ನಮ್ಮನ್ನು ಬೈದು ಮಡಿವಾಳಯ್ಯನವರ ಮನೆಗೆ ಹೋದಳು. ಅವಳ ಲೆಕ್ಕ ಸರಳ. ಓಣಿಯಲ್ಲಿ ಸೈನ್ಸ್ ಕಾಲೇಜಿನವರು ಅಂತ ಇರೋದು ಇವರೊಬ್ಬರೇ.

"ಅಯ್ನೋರೆ, ನನ್ ಮಗ ಸುಳ್ಳ ಹೇಳಂಗಿಲ್ರಿ. ಕರೆಂಟ್ ಇರ್ಲಿಲ್ಲ ಅಂತ ಅವನೇ ಹೇಳ್ತಾನ. ಗಾಲಿ ತಿರುಗಾಕತ್ತಿತ್ತು ಅಂತಾನೂ ಅವನೇ ಹೇಳ್ತಾನ. ಎರಡೂ ಖರೇ ಹ್ಯಾಂಗ ಆಗ್ತದ್ರಿ?"

"ಎರಡೂ ಖರೇನೇ ಅವ್ವಾ," ಎಂದರು ಅವರು. "ಸಂಘದವ್ರು ನನ್ನ ಕೇಳಬೇಕಿತ್ತು. ತಲಿಗಿಂತ ಬಾಯಿ ದೊಡ್ಡದು ಅವರ್ದು."

ಆ ಮಾತು ನನಗೇ ಹೇಳಿದ್ದು. ನಾನೂ ಅವಳ ಹಿಂದೆ ಬಂದು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. ತಲೆ ತಗ್ಗಿಸಿದೆ.

ಮರುದಿನ ಅವರು ತಮ್ಮ ವಿಭಾಗದ ಮುಖ್ಯಸ್ಥರಾದ ರಘುವೀರ ಸರ್ ಹತ್ತಿರ ಹೋದರು. ಒಂದು ಕಾಗದ ಬರೆದುಕೊಡ್ರಿ, ತಿರುಗುವ ಗಾಲಿ ಕರೆಂಟ್ ಹೋದ ಕೂಡಲೇ ನಿಲ್ಲಂಗಿಲ್ಲ ಅಂತ, ಅಂದರು. ರಘುವೀರ ಸರ್ ಮೇಜಿನ ಡ್ರಾಯರಿನಿಂದ ಒಂದು ಕಾಗದದ ನಕಲು ತೆಗೆದು ತೋರಿಸಿದರು. ಆಗಲೇ ಬರೆದುಕೊಟ್ಟಿದ್ದರು. ಸಾವ್ಕಾರನಿಗೆ. "ವಿದ್ಯುತ್ ಸರಬರಾಜು ಸ್ಥಗಿತಗೊಂಡಾಗ ಸದರಿ ಯಂತ್ರವು ನಿಶ್ಚಲ ಸ್ಥಿತಿಯಲ್ಲಿರುತ್ತದೆ." ಕೆಳಗೆ ಸಹಿ, ಡಿಗ್ರಿಗಳ ಸಾಲು, ಮುದ್ರೆ.

"ಸರ, ಕೋನೀಯ ಸಂವೇಗ ಅಂತ ನೀವೇ ವರ್ಷಾ ವರ್ಷಾ ಪಾಠ ಮಾಡ್ತೀರಲ್ರಿ. ಹೊರಗಿನವರು ತಡೀದಿದ್ರ ಸುತ್ತುವ ವಸ್ತುವಿನ ಸುತ್ತು ಎಲ್ಲೀನೂ ಹೋಗಂಗಿಲ್ಲ ಅಂತ. ನಾನೇ ಬೋರ್ಡ್ ಒರೆಸೀನಿ."

"ಅದು ಪರೀಕ್ಷಾಕ್ಕ, ಮಡಿವಾಳ. ಸಾವ್ಕಾರ್ರು ಕಾಲೇಜ್ ಕಮಿಟಿಯಾಗ ಅದಾರ. ನಂಗೂ ಹೆಂಡ್ತಿ ಮಕ್ಕಳು ಅವ. ನಿಂಗ್ಯಾಕ ಬೇಕು ಇದೆಲ್ಲ? ಹೋಗು, ಬ್ಯಾಟರಿಗೆ ನೀರು ಹಾಕು."

ಮಡಿವಾಳಯ್ಯ ಹೋಗಿ ಬ್ಯಾಟರಿಗೆ ನೀರು ಹಾಕಿದರು. ಆಮೇಲೆ ಮರುದಿನಕ್ಕೆ ರಜೆಯ ಅರ್ಜಿ ಬರೆದಿಟ್ಟು, ಗಾಲಿಯನ್ನು ಬೋಲ್ಟ್ ಬಿಚ್ಚಿ, ಹಲಗೆ ಸಮೇತ, ದುಂಡು ಕಲ್ಲನ್ನೂ ಸೇರಿಸಿ ಹೊರಗೆ ತಂದರು. ಕಲೀಮನ ಸೋದರಮಾವ ಹಾಜಿಸಾಬನ ಆಟೋ ಗೇಟಿನ ಹೊರಗೆ ನಿಂತಿತ್ತು. ಕಾವಲುಗಾರ ಕೇಳಿದ್ದಕ್ಕೆ "ಎಣ್ಣಿ ಹಾಕಿಸಬೇಕು" ಅಂದರಂತೆ. ಇಪ್ಪತ್ತೇಳು ವರ್ಷದಲ್ಲಿ ಅವರು ಹೇಳಿದ ಒಂದೇ ಸುಳ್ಳು ಅದೇ ಇರಬೇಕು. ನಾನಾಗಿದ್ದರೆ ಇನ್ನೂ ದೊಡ್ಡದು ಹೇಳುತ್ತಿದ್ದೆ.

ಮರುದಿನ ವಿಚಾರಣೆ ಕಾರ್ಖಾನೆಯಲ್ಲೇ ನಡೆಯಿತು. ಅಧಿಕಾರಿ ಪ್ರಮಿತಾ ಮೇಡಂ ಕಲಬುರಗಿಯಿಂದ ಬಂದಿದ್ದರು. ಸಣ್ಣ ವಯಸ್ಸು, ಕಡಿಮೆ ಮಾತು. ಒಂದು ಕಡೆ ಸಾವ್ಕಾರ, ಅವನ ವಕೀಲ, ರಘುವೀರ ಸರ್ ಬರೆದ ಕಾಗದ. ಇನ್ನೊಂದು ಕಡೆ ಕಲೀಮ್, ಅವನ ತಾಯಿ, ಸಂಘದ ಪರವಾಗಿ ನಾನು. ಗೋಡೆಗುಂಟ ಹದಿನಾಲ್ಕು ಮಂದಿ ಕೆಲಸಗಾರರು, ನೆಲ ನೋಡುತ್ತ. ಅವರಿಗೆ ಹಿಂದಿನ ದಿನವೇ ಎಚ್ಚರಿಕೆ ಕೊಡಲಾಗಿತ್ತು. ಬಾಯಿ ಬಿಟ್ಟವನು ನಾಳೆಯಿಂದ ಬರಬೇಕಿಲ್ಲ.

"ಮಷೀನು ಚಾಲೂ ಮಾಡಿ ತೋರಿಸ್ರಿ," ಎಂದರು ಮೇಡಂ.

"ರಿಪೇರಿಗೆ ಬಂದದ ಮೇಡಂ. ಬೆಲ್ಟ್ ತಗದೀವಿ," ಎಂದ ಸಾವ್ಕಾರ. "ಮತ್ತ ಅದರ ಜರೂರತ್ತೇ ಇಲ್ಲ ಬಿಡ್ರಿ. ಕರೆಂಟ್ ಇರ್ಲಿಲ್ಲ, ಪುಸ್ತಕದಾಗ ಅದ. ಸತ್ತ ಎತ್ತು ಹಾಯ್ತದೇನ್ರಿ?"

ವಕೀಲ ನಕ್ಕ. ಬಾಗಿಲ ಹತ್ತಿರ ಹಲಗೆ ಇಳಿಸುತ್ತಿದ್ದ ಮಡಿವಾಳಯ್ಯ ತಲೆ ಎತ್ತಿದರು.

"ಎತ್ತು ಸತ್ತಿಲ್ರಿ ಸಾವ್ಕಾರ್ರೆ. ನೀವು ನೊಗ ಬಿಚ್ಚೀರಿ ಅಷ್ಟೇ. ಅದು ಓಡಾಕತ್ತದ."

"ಇಂವ ಯಾರು?" ಎಂದ ವಕೀಲ.

"ಕಾಲೇಜಿನ ಜವಾನ," ಎಂದ ಸಾವ್ಕಾರ.

"ಹೌದ್ರಿ, ಜವಾನ," ಎಂದರು ಮಡಿವಾಳಯ್ಯ. "ಮೇಡಂ, ಹತ್ತು ನಿಮಿಷ ಕೊಡ್ರಿ. ನಿಮ್ಮ ಫೋನಿನಾಗ ಗಡಿಯಾರ ಅದಲ್ರಿ, ಅದನ್ನ ತಗೀರಿ."

ಅವರು ಗಾಲಿಗೆ ಹಗ್ಗ ಸುತ್ತಿ ಎಳೆದರು. ಹಗ್ಗ ಬಿಚ್ಚಿ ಕೈಗೆ ಬಂತು. ಗಾಲಿ ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಎಣ್ಣೆ ಹಾಕಿ ಸಾಕಿದ ಗಾಲಿ ಅದು. "ಹಗ್ಗ ನನ್ ಕೈಯಾಗ ಅದ. ಇದೇ ನಿಮ್ಮ ಕರೆಂಟ್. ಹೋಯ್ತು. ಗಾಲಿ ನಿಂತದೇನ್ರಿ?" ಅಂಚಿಗೆ ಹಚ್ಚಿದ ಸುಣ್ಣದ ಗುರುತು ನೋಡಿ ಮೇಡಂ ಎಣಿಸಿದರು. ಹತ್ತು ಸುತ್ತಿಗೆ ಆರು ಸೆಕೆಂಡು.

ಆಮೇಲೆ ಅವರು ಆ ದುಂಡು ಫರಸಿಯನ್ನು ಕಂಬಿಗೆ ಪೋಣಿಸಿ, ತಿರುಗುವ ಗಾಲಿಯ ಮೇಲೆ ಬಿಟ್ಟರು. ಕಿರ್ರೆಂದು ಕೂಗಿತು. ಆ ಸದ್ದಿಗೆ ಗೋಡೆಗುಂಟ ನಿಂತವರೆಲ್ಲ ಒಮ್ಮೆಲೇ ತಲೆ ಎತ್ತಿದರು. ಅದು ಅವರು ದಿನಾ ಕೇಳುವ ಸದ್ದು. ಕಲೀಮ್ ಕಣ್ಣು ಮುಚ್ಚಿಕೊಂಡ. ಕ್ಷಣದಲ್ಲಿ ಕಲ್ಲೂ ಗಾಲಿಯೂ ಅಂಟಿಕೊಂಡಂತೆ ಒಟ್ಟಿಗೆ ತಿರುಗತೊಡಗಿದವು, ನಿಧಾನವಾಗಿ. ಮೇಡಂ ಮತ್ತೆ ಎಣಿಸಿದರು. ಹತ್ತು ಸುತ್ತಿಗೆ ಒಂಬತ್ತು.

"ನೋಡ್ರಿ ಮೇಡಂ. ಮೊದಲು ತಿರುಗಾಕತ್ತಿದ್ದು ಗಾಲಿ ಒಂದೇ. ಎರಡು ಪಾಲು ತೂಕ, ಮೂರು ಪಾಲು ವೇಗ. ಎರಡ್ಮೂರ್ಲೆ ಆರು. ಕಲ್ಲು ಗಾಲಿ ಅಷ್ಟೇ ಅಗಲ, ತೂಕ ಅರ್ಧ. ಈಗ ಮೂರು ಪಾಲು ತೂಕ, ಆರು ಸೆಕೆಂಡು ಒಂಬತ್ತಾತು, ಅಂದ್ರ ವೇಗ ಎರಡು ಪಾಲಿಗೆ ಇಳೀತು. ಮೂರೆರಡ್ಲೆ ಆರು. ಗಾಲಿ ಕಳಕೊಂಡಷ್ಟನ್ನೂ ಕಲ್ಲು ತಗೊಂಡದ. ಒಂದು ಕೂದಲೆಳಿನೂ ಹೋಗಿಲ್ಲ. ಇದಕ್ಕ ಪುಸ್ತಕದಾಗ ಕೋನೀಯ ಸಂವೇಗ ಅಂತಾರ."

"ಮತ್ತ ಆ ಸದ್ದು, ಪುಡಿ?" ಎಂದರು ಮೇಡಂ. ಅವರು ಕಲ್ಲನ್ನು ಮುಟ್ಟಿ ನೋಡಿದ್ದರು. ಬೆಚ್ಚಗಿತ್ತು.

"ಅದು ಶಕ್ತಿ ಮೇಡಂ. ಅದರ ಲೆಕ್ಕ ಬ್ಯಾರೆ. ವೇಗವನ್ನ ವೇಗಕ್ಕೇ ಗುಣಿಸಬೇಕು. ಮೊದಲು ಎರಡು ಒಂಬತ್ಲೆ ಹದಿನೆಂಟು ಇತ್ತು, ಈಗ ಮೂರ್ನಾಕ್ಲೆ ಹನ್ನೆರಡು. ಉಳಿದ ಆರು ಕೂಗಿ, ಕಾದು, ಪುಡಿಯಾಗಿ ಹೋಯ್ತು. ಅಂಟಿಕೊಳ್ಳೋ ಡಿಕ್ಕಿಯಾಗ ಶಕ್ತಿಗೆ ಆ ದಾರಿ ಅದ. ಸಂವೇಗಕ್ಕ ಇಲ್ಲ. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟಲೇಬೇಕು."

ಅವರು ಹೋಗಿ ಮಷೀನಿನ ದೊಡ್ಡ ಗಾಲಿಯ ಮೇಲೆ ಕೈ ಇಟ್ಟರು.

"ಇಲ್ಲಿ ಕಲ್ಲು ತಾನಾಗಿ ತಿರುಗಾಕ ಬಿಟ್ಟಿಲ್ಲ. ಒಬ್ಬ ಮನುಷ್ಯಾ ಎರಡೂ ಕೈಲೆ ಹಿಡಿದು ನಿಲ್ಲಸ್ಯಾನ. ಇದು ಕ್ವಿಂಟಲ್ ಗಾಲಿ. ಇದರ ಸುತ್ತು ಭೂಮಿಗೆ ಇಳಿಯಬೇಕು, ಇಳಿಯಾಕ ಬ್ಯಾರೆ ದಾರಿ ಇಟ್ಟಿಲ್ಲ ಇವ್ರು. ಬ್ರೇಕ್ ಇಟ್ಟಿದ್ರ ಚೌಕಟ್ಟಿನ ಮೂಲಕ ಇಳೀತಿತ್ತು. ಇಲ್ಲ. ಕಲೀಮನ ಕೈ ಮೂಲಕ ಇಳೀತು."

"ಇದೆಲ್ಲ ಆಟಿಗಿ ಸಾಮಾನು," ಎಂದ ಸಾವ್ಕಾರ. ಮುಖ ಕೆಂಪಾಗಿತ್ತು. "ನಮ್ಮ ಹತ್ರ ಪ್ರೊಫೆಸರ್ ಕಾಗದ ಅದ."

"ಛಲೋ ಆತು," ಎಂದರು ಮಡಿವಾಳಯ್ಯ. ಕಲ್ಲನ್ನು ತೆಗೆದರು. ಹಗ್ಗ ಸುತ್ತಿದರು. ಈ ಸಲ ಮೈಯ ಬಲ ಹಾಕಿ ಎಳೆದರು. ಸುಣ್ಣದ ಗುರುತು ಕಾಣದಷ್ಟು ಜೋರಾಗಿ ಗಾಲಿ ತಿರುಗಿತು. "ಸಾವ್ಕಾರ್ರೆ, ಬರ್ರಿ. ಇದು ಕ್ವಿಂಟಲ್ ಅಲ್ಲ, ಹನ್ನೊಂದೇ ಕಿಲೋ. ಕರೆಂಟ್ ಇಲ್ಲ, ವೈರೇ ಇಲ್ಲ. ಈ ಗಾಲಿ, ಹಲಗಿ ಸಂದ್ಯಾಗ ನಿಮ್ಮ ಬೆರಳು ಇಡ್ರಿ."

ಸಾವ್ಕಾರ ಗಾಲಿ ನೋಡಿದ, ವಕೀಲನನ್ನು ನೋಡಿದ, ಕೈಯನ್ನು ಪ್ಯಾಂಟಿನ ಕಿಸೆಯೊಳಗೆ ಹಾಕಿಕೊಂಡ. ಹಾಜಿಸಾಬ ಬಾಗಿಲಲ್ಲಿ ನಿಂತು, "ಇಡ್ರಿ ಸಾವ್ಕಾರ್ರೆ, ಸತ್ತ ಎತ್ತದ, ಹಾಯಂಗಿಲ್ಲ," ಅಂದ.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಹದಿನಾಲ್ಕು ಮಂದಿಯ ನಡುವಿನಿಂದ ರಾಮಲಿಂಗ ಎಂಬುವನು ಮುಂದೆ ಬಂದ. ಇಪ್ಪತ್ತು ವರ್ಷದಿಂದ ಅದೇ ಮಷೀನಿನ ಆಳು.

"ಮೇಡಂ, ಬರಕೋರಿ. ನಾವೆಲ್ಲ ಕಲ್ಲು ಕೊಟ್ಟೇ ನಿಲ್ಲಸ್ತೀವಿ. ನಂಗ ಕಲಿಸಿದ್ದು ಈ ಸಾವ್ಕಾರ್ರೇ, ಅವರ ಕೈಲೆ. ಕಲೀಮಗ ಕಲಿಸಿದ್ದು ನಾನು." ಅವನು ಹಿಂದಿನ ಗೋಡೆಯತ್ತ ಬೆರಳು ತೋರಿಸಿದ. "ಆ ಗೋಡೆ ನೋಡ್ರಿ. ಇಪ್ಪತ್ತು ವರ್ಷದಾಗ ಈ ಕಾರ್ಖಾನಿಗಿ ಸುಣ್ಣ ಬಳದಿಲ್ಲ. ಅದೊಂದು ಜಾಗಾಕ್ಕ ಯಾಕ ಬಳದಾರ ಕೇಳ್ರಿ."

ಹೊಗೆ, ಧೂಳು ಹಿಡಿದ ಗೋಡೆಯ ಮೇಲೆ, ಗಾಲಿಯ ನೇರಕ್ಕೆ, ಸೊಂಟದೆತ್ತರದಲ್ಲಿ ಒಂದು ಮಾರಷ್ಟು ಬಿಳಿ. ಮೇಡಂ ಹೋಗಿ ಪೆನ್ನಿನ ತುದಿಯಿಂದ ಕೆರೆದರು. ಸುಣ್ಣದ ಹಕ್ಕಳೆ ಉದುರಿತು. ಕೆಳಗೆ ಅಂಗೈ ಹಿಡಿಸುವಷ್ಟು ಆಳದ ಗಾಯ. ಹೊರಗೆ ಟ್ರಾಲಿಗೆ ಕಲ್ಲು ಹೇರುವಾಗ ಬೀಳುವ ಹೋಳು ಒಳಗಿನ ಗೋಡೆಗೆ ಹಾಗೆ ನಾಟುವುದಿಲ್ಲ.

ಅವರು ವರದಿಯಲ್ಲಿ ಬರೆದ ಒಂದು ಸಾಲು ನನಗೆ ಬಾಯಿಪಾಠ: "ವಿದ್ಯುತ್ ಇಲ್ಲದ ಗಾಲಿಯಲ್ಲಿ ಬೆರಳು ಇಡಲು ಮಾಲೀಕರನ್ನು ಕೇಳಲಾಗಿ, ಅವರು ನಿರಾಕರಿಸಿದರು." ಗಾಯ ಮಷೀನಿನಿಂದಲೇ ಆಯಿತೆಂದು ತೀರ್ಮಾನವಾಯಿತು. ಮೋಸದ ದೂರು ಬಿದ್ದುಹೋಯಿತು. ಆ ಮಷೀನಿಗೆ ಬ್ರೇಕು, ಜಾಳಿಗೆ ಹಾಕದೆ ಚಾಲೂ ಮಾಡಬಾರದೆಂದು ಬರೆದರು. ಮಾಸುಮಬಿ ಅಳಲಿಲ್ಲ. ಸಾವ್ಕಾರನ ಮುಂದೆ ಹಾದುಹೋಗುವಾಗ ನೆಲಕ್ಕೆ ಉಗುಳಿದಳು.

ನಾಲ್ಕನೇ ದಿನ ಮೆಮೋ ಬಂತು. ಮಡಿವಾಳಯ್ಯ ಎರಡು ಸಾಲು ಸಮಜಾಯಿಷಿ ಬರೆದರು: "ಗಾಲಿಯನ್ನು ಪ್ರಯೋಗಕ್ಕೆ ಒಯ್ದಿದ್ದೆ. ಪ್ರಯೋಗ ಸರಿಯಾಗಿ ಬಂತು." ಅವರನ್ನು ಲ್ಯಾಬಿನಿಂದ ತೆಗೆದು ಗೇಟಿಗೆ ಹಾಕಿದರು. ಈಗ ಅವರು ಉಪನ್ಯಾಸಕರ ಬೈಕುಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ರಘುವೀರ ಸರ್ ಈ ವರ್ಷವೂ ಕೋನೀಯ ಸಂವೇಗದ ಪಾಠ ಮಾಡಿದರು. ಗಾಲಿಗೆ ಎಣ್ಣೆ ಹಾಕುವವರಿಲ್ಲ, ತುಕ್ಕು ಹಿಡಿದು ಕೂಗುತ್ತದಂತೆ. ಆ ಕಾಲೇಜಿನ ಕಮಿಟಿಯಲ್ಲಿ ಸಂಗಮೇಶ್ವರ ಸಾವ್ಕಾರ ಇಂದಿಗೂ ಇದ್ದಾನೆ. ಇದನ್ನು ಓದುವವರಿಗೆ ಸಿಟ್ಟು ಬರದಿದ್ದರೆ ನಾನು ಬರೆದದ್ದು ದಂಡ.

ಕಮಿಟಿಯವರು ಒಂದು ಉಪಕಾರ ಮಾಡಿದರು. ಸಾಮಾನು ಲೆಕ್ಕ ಹಾಕುವಾಗ ಆ ದುಂಡು ಫರಸಿ ಕಾಲೇಜಿನ ಪಟ್ಟಿಯಲ್ಲಿ ಇಲ್ಲವೆಂದು ಹೊರಗೆ ಎಸೆದರು. ಕಲೀಮ್ ತಂದಿಟ್ಟುಕೊಂಡ. ಹಾಜಿಸಾಬ ಗುಜರಿಯಿಂದ ಒಂದು ಹಳೆಯ ಗಾಲಿ ಹುಡುಕಿ ತಂದ. ಭಾನುವಾರ ಕಾಲೇಜಿಗೆ ರಜೆ. ಕಾರ್ಖಾನೆಗಳಿಗೆ ರಜೆ ಇಲ್ಲ. ಮಡಿವಾಳಯ್ಯ, ಕಲೀಮ್ ಮತ್ತು ನಾನು ಅವನ್ನು ಹೇರಿಕೊಂಡು, ಆಳುಗಳಿಗೆ ಪ್ರಯೋಗ ತೋರಿಸಲು ಆಟೋ ಹತ್ತುತ್ತೇವೆ. ವಾಡಿ ಕಡೆ ಒಂದು ವಾರ, ಸೇಡಂ ರಸ್ತೆ ಒಂದು ವಾರ.

ಹೋದ ಭಾನುವಾರ ಚಿತ್ತಾಪುರದ ಹತ್ತಿರ ಒಂದು ಕಾರ್ಖಾನೆಯವರು ಗೇಟು ಹಾಕಿಕೊಂಡರು. ಎದುರಿನ ಚಹಾದಂಗಡಿಯ ಮುಂದೆ ಹಲಗೆ ಇಳಿಸಿದೆವು. ಹದಿನೈದಿಪ್ಪತ್ತು ಆಳುಗಳು ಕಪ್ಪು ಹಿಡಿದು ಬಂದು ನಿಂತರು. ಅಂಗಿಯ ಬಲತೋಳಿಗೆ ಗಂಟು ಹಾಕಿಕೊಂಡಿದ್ದ ಕಲೀಮ್ ಕಲ್ಲನ್ನು ಎಡಗೈಯಲ್ಲಿ ಎತ್ತಿ ಹಿಡಿದ. ಮಡಿವಾಳಯ್ಯ ಹಗ್ಗ ಎಳೆದರು. ಕಲ್ಲು ಬಿತ್ತು, ಕೂಗಿತು. ಗೇಟಿನ ಒಳಗಿಂದ ಅದೇ ಸದ್ದು ಮರಳಿ ಬಂತು. ಕರೆಂಟ್ ಹೋಗಿತ್ತು. ಒಳಗೆ ಯಾವನೋ ಕಲ್ಲು ಕೊಡುತ್ತಿದ್ದ.

ಕಲೀಮ್ ಗೇಟಿನ ಕಡೆ ಓಡಿದ. ಎಡಗೈಯಿಂದ ತಗಡನ್ನು ಬಡಿಯುತ್ತ, "ಏ ಭಾಯ್, ಬಿಡೋ ಅದನ್ನ! ಕಲ್ಲು ಬಿಡೋ!" ಎಂದು ಕೂಗಿದ. ಚಹಾ ಕುಡಿಯುತ್ತಿದ್ದವರೂ ಕಪ್ಪು ಕೆಳಗಿಟ್ಟು ಅವನ ಹಿಂದೆ ಹೋಗಿ ಗೇಟು ಬಡಿಯತೊಡಗಿದರು. ಒಳಗಿನ ಕಿರ್ರೆಂಬ ಸದ್ದು ನಡುವೆಯೇ ನಿಂತಿತು. ಆಮೇಲೆ ನಾಲ್ಕು ನಿಮಿಷ, ಯಾರೂ ಮುಟ್ಟದ ಗಾಲಿ ತಾನಾಗಿ ನಿಲ್ಲುವ ತನಕ, ಎಲ್ಲರೂ ಅಲ್ಲೇ ನಿಂತು ಅದರ ಗುಂಯ್ ಸದ್ದು ಕೇಳಿದೆವು.